ಆಯಿ ಕೈಗೆ ಏನಾಗ್ಯಾದ?

ಭಾನುವಾರ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ನಮ್ಮ ಮನೆಯ ಫೋನು ಕೂಗುತ್ತದೆ. ಆಗ ಕಮಲಾಪುರದಲ್ಲಿ ಮಧ್ಯಾಹ್ನ ಎರಡೂವರೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಚಳಿಗಾಲವಾದರೆ ಬೆಳಗಿನ ಹತ್ತು, ಬೇಸಿಗೆಯಾದರೆ ಹನ್ನೊಂದು. ಅಲ್ಲಿನವರು ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಈ ಲೆಕ್ಕವನ್ನು ನನಗೆ ಕಲಿಸಿದವಳು ನನ್ನ ಮೊಮ್ಮಗಳು. ಕಲಬುರಗಿಯಲ್ಲಿ ನರ್ಸಿಂಗ್ ಓದಿ, ಜರ್ಮನ್ ಭಾಷೆಯ ಪರೀಕ್ಷೆ ಪಾಸು ಮಾಡಿ, ಎರಡು ವರ್ಷದ ಹಿಂದೆ ಅವಳು ಅಲ್ಲಿಯ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದಳು.

ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ, ಅಜ್ಜಿಗೆ ಆಯಿ. ಮೊದಮೊದಲು "ಮುತ್ಯಾ, ಇಲ್ಲಿ ಮಳಿ ಸುದ್ದಿ ಕೇಳು", "ಆಯಿ, ಇವತ್ತ ನಾನೇ ರೊಟ್ಟಿ ಬಡದೆ, ಹರದು ಹೋತು" ಎಂದು ತಾಸುಗಟ್ಟಲೆ ಮಾತು. ಬರಬರುತ್ತ ಮಾತು ಕಡಿಮೆಯಾಯಿತು. "ಊಟ ಆತಾ?" "ಆತು." "ಆರಾಮ ಇದ್ದೀರಿ?" "ಆರಾಮ ಇದ್ದೀವಿ." ಅಷ್ಟರಲ್ಲಿ ಫೋನು ತಮ್ಮನ ಕೈಗೆ ಹೋಗುತ್ತಿತ್ತು. ಮುಖ ಕಾಣುತ್ತಿತ್ತು, ಆದರೆ ಸುದ್ದಿ ಇರುತ್ತಿರಲಿಲ್ಲ.

ಕಳೆದ ವರ್ಷ ಮಳೆಗಾಲದಲ್ಲಿ ನನ್ನ ಹೆಂಡತಿಗೆ ಜ್ವರ ಏರಿ, ಕಲಬುರಗಿಯ ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡಿದ್ದರು. "ಹುಡುಗಿಗಿ ಹೇಳಬ್ಯಾಡ್ರಿ, ಅಷ್ಟು ದೂರ ಕುಂತು ಅಳ್ತಾಳ" ಎಂದಳು ಆಕೆ. ಮಗ, ಸೊಸೆ, ನಾನು ಎಲ್ಲರೂ ಒಪ್ಪಿದೆವು. ಆ ಭಾನುವಾರ "ಆಯಿ ಮಲಗ್ಯಾಳ" ಎಂದು ಸುಳ್ಳು ಹೇಳಿದೆ. ಮುಂದಿನ ಭಾನುವಾರ ಆಕೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಫೋನು ಹಿಡಿದು ನಗುತ್ತ ಸೆರಗು ಸರಿಮಾಡಿಕೊಂಡಳು, ಅಷ್ಟೇ.

"ಆಯಿ, ಕೈಗೆ ಏನಾಗ್ಯಾದ?"

ಸಲಾಯಿನ್ ಸೂಜಿ ಚುಚ್ಚಿದ ಜಾಗ ಇನ್ನೂ ನೀಲಿಗಟ್ಟಿತ್ತು, ಪಟ್ಟಿ ಅಂಟಿಸಿದ ಗುರುತೂ ಇತ್ತು. ನರ್ಸಿನ ಕಣ್ಣು ಅದನ್ನು ಬಿಟ್ಟೀತೇ? ಒಂದೊಂದಾಗಿ ಕೇಳಿ ಎಲ್ಲವನ್ನೂ ಹೊರಗೆ ತೆಗೆದಳು. ಆಮೇಲೆ ಅಂದಳು: "ಇಲ್ಲಿ ದಿನಾ ಮಂದಿ ಆಯಿಗಳ ಕೈ ಹಿಡದು ಸೂಜಿ ಹಾಕ್ತೀನಿ. ನಮ್ಮ ಆಯಿ ಮಲಗಿದ್ದು ನನಗ ಗೊತ್ತಿಲ್ಲ. ನಾ ಮನಿ ಮಗಳೋ, ಹೊರಗಿನಾಕಿನೋ?" ಫೋನು ಇಟ್ಟುಬಿಟ್ಟಳು. ಎರಡು ಭಾನುವಾರ ಫೋನೇ ಬರಲಿಲ್ಲ.

ಆ ದಿನಗಳಲ್ಲಿ ನನಗೆ ಪದೇಪದೇ ನೆನಪಾದದ್ದು ಹಿಂದೆ ಅದೇ ಜರ್ಮನಿಯಿಂದ ನಮ್ಮ ಕಡೆಗೆ ಬಂದ ಎಳೆಯ ವಯಸ್ಸಿನ ಮಿಶನರಿಗಳು. ಕನ್ನಡ ಮೇಷ್ಟ್ರಾಗಿದ್ದ ನಾನು ತರಗತಿಯಲ್ಲಿ ಅವರ ಪುಸ್ತಕಗಳ ಬಗ್ಗೆ ಪಾಠ ಮಾಡಿದ್ದೆ. ಅವರ ಮನೆಯವರ ಬಗ್ಗೆ ಯೋಚಿಸಿರಲಿಲ್ಲ.

ಮಕ್ಕಳೇ, ಫರ್ಡಿನಾಂಡ್ ಕಿಟ್ಟೆಲ್ ಹೆಸರು ನೀವು ಕೇಳಿರುತ್ತೀರಿ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದಾಗ ಅವರಿಗೆ 21 ವರ್ಷ. ನಿಮ್ಮ ಅಣ್ಣನೋ ಅಕ್ಕನೋ ಡಿಗ್ರಿ ಮುಗಿಸುವ ವಯಸ್ಸು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಮೊದಲ ಹೆಂಡತಿ ಪೌಲೀನ್ ಇಲ್ಲಿಯೇ ತೀರಿಕೊಂಡರು. ಮುಂದೆ ಅವರ ತಂಗಿ ಯೂಲಿಯನ್ನು ಮದುವೆಯಾದರು. ಇಂಥ ದುಃಖಗಳ ನಡುವೆಯೇ ಕೆಲಸ ಸಾಗಿ, 1894ರಲ್ಲಿ ಎಪ್ಪತ್ತು ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಕಿಟ್ಟೆಲ್‌ಗಿಂತ ಮೊದಲು, 1836ರಲ್ಲಿ, ಹರ್ಮನ್ ಮೋಗ್ಲಿಂಗ್ ಬಂದಿದ್ದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದವರು ಅವರೇ.

ಮೋಗ್ಲಿಂಗ್ ಬಂದ ವರ್ಷವೇ ಭಾರತಕ್ಕೆ ಬಂದವರು ಹರ್ಮನ್ ಗುಂಡರ್ಟ್. ತಲಶ್ಶೇರಿಯಲ್ಲಿ ನೆಲೆಸಿ, ಮುಂದೆ ಮಲಯಾಳಂಗೆ ದೊಡ್ಡ ನಿಘಂಟು ಬರೆದರು. 1842ರಲ್ಲಿ ಅಲ್ಲಿಯೇ ಅವರಿಗೆ ಮರೀ ಎಂಬ ಮಗಳು ಹುಟ್ಟಿದಳು. ಆಗಿನ ಮಿಶನರಿಗಳು ಮಕ್ಕಳನ್ನು ಬಹಳ ವರ್ಷ ಇಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಬಿಸಿಲು, ಕಾಲರಾ, ಜ್ವರಗಳ ಹೆದರಿಕೆ ಒಂದು ಕಡೆ, ಓದಿನ ಚಿಂತೆ ಇನ್ನೊಂದು ಕಡೆ. ಎಳೆಯ ಮಕ್ಕಳನ್ನೇ ಯುರೋಪಿಗೆ ಕಳಿಸಿಬಿಡುತ್ತಿದ್ದರು. ಹೀಗೆ ಬಂದ ಮಕ್ಕಳಿಗೆಂದು ಮುಂದೆ ಬಾಸೆಲ್ ನಗರದಲ್ಲಿ ಮಿಶನ್ನಿನ ಒಂದು ಮಕ್ಕಳ ಮನೆಯೇ ಶುರುವಾಯಿತು.

ಮರೀಗೂ ಅದೇ ಪಾಡು. ಸುಮಾರು ನಾಲ್ಕು ವರ್ಷದವಳಿದ್ದಾಗ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಮಲಬಾರಿಗೆ ಮರಳಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಕಾಗದಗಳು ಹಡಗಿನಲ್ಲಿ ಈಜಿಪ್ಟಿಗೆ ಬಂದು, ಅಲ್ಲಿ ನೆಲದ ಮೇಲೆ ಸಾಗಿ, ಮತ್ತೆ ಇನ್ನೊಂದು ಹಡಗು ಹತ್ತಬೇಕಿತ್ತು. ಒಂದು ಪ್ರಶ್ನೆ ಕೇಳಿದರೆ ಉತ್ತರ ಕೈಗೆ ಸಿಗಲು ತಿಂಗಳುಗಳೇ ಬೇಕು. ಮಗುವಿಗೆ ಜ್ವರ ಎಂಬ ಕಾಗದ ಅಮ್ಮನ ಕೈ ಸೇರುವಷ್ಟರಲ್ಲಿ ಮಗು ಗುಣವಾಗಿ ಆಟಕ್ಕೆ ಇಳಿದಿರಬಹುದು, ಇಲ್ಲವೇ ಇನ್ನೇನೋ ಆಗಿರಬಹುದು.

1857ರಲ್ಲಿ, ಹದಿನೈದರ ಹುಡುಗಿಯಾಗಿ, ಮರೀ ಭಾರತಕ್ಕೆ ಮರಳಿದಳು. ಅದೇ ವರ್ಷ ಗುಂಡರ್ಟ್ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದರು. ಹತ್ತು ವರ್ಷಕ್ಕೂ ಮೀರಿ ಕಾಗದದಲ್ಲಷ್ಟೇ ಇದ್ದ ಅಪ್ಪ ಈಗ ಎದುರಿಗೆ! ನಾನು ಅಜ್ಜನಾಗಿ ಊಹಿಸುತ್ತೇನೆ: ಆ ಹುಡುಗಿಗೆ ಆ ಗಡ್ಡದ ಮನುಷ್ಯನನ್ನು 'ಅಪ್ಪಾ' ಎಂದು ಕರೆಯಲು ಎಷ್ಟು ದಿನ ಹಿಡಿಯಿತೋ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1859ರಲ್ಲಿ ಗುಂಡರ್ಟ್ ಆರೋಗ್ಯ ಕೆಟ್ಟು ಜರ್ಮನಿಗೆ ಹೋದರು, ಸ್ಟುಟ್‌ಗಾರ್ಟ್‌ನಿಂದ ದೂರವಲ್ಲದ ಕಾಲ್ವ್ ಎಂಬ ಚಿಕ್ಕ ಊರಿನಲ್ಲಿ ನೆಲೆಸಿದರು. ಮರೀಯೂ ಕೊನೆಗೆ ಅಲ್ಲಿಗೇ ಬಂದಳು. ಮಂಗಳೂರಿನಲ್ಲಿ ಕೆಲಸ ಮಾಡಿ ಬಂದಿದ್ದ ಯೊಹಾನೆಸ್ ಹೆಸ್ಸೆಯನ್ನು ಮದುವೆಯಾದಳು. 1877ರಲ್ಲಿ ಅವರಿಗೆ ಹುಟ್ಟಿದ ಮಗನೇ ಹರ್ಮನ್ ಹೆಸ್ಸೆ, 'ಸಿದ್ಧಾರ್ಥ' ಕಾದಂಬರಿ ಬರೆದವರು, 1946ರಲ್ಲಿ ನೊಬೆಲ್ ಬಹುಮಾನ ಪಡೆದವರು. ತನ್ನ ಬಾಲ್ಯವನ್ನು ನೆನೆಯುತ್ತ ಹೆಸ್ಸೆ ಒಂದು ಮಾತು ಬರೆದಿದ್ದಾರೆ: ಅಮ್ಮನಿಗೆ ಮಲಯಾಳಂ, ಕನ್ನಡ ಎರಡೂ ಮಾತಾಡಲು, ಹಾಡಲು ಬರುತ್ತಿತ್ತು, ಮುಪ್ಪಿನ ತನ್ನ ತಂದೆಯೊಡನೆ ಆಕೆ ಆ ನುಡಿಗಳಲ್ಲಿ ಮಾತಾಡುತ್ತಿದ್ದಳು ಎಂದು.

ಚಿಕ್ಕಂದಿನಲ್ಲಿ ಅಗಲಿದ್ದ ಅಪ್ಪ ಮಗಳು, ಮುದಿವಯಸ್ಸಿನಲ್ಲಿ, ಜರ್ಮನಿಯ ಮನೆಯೊಂದರಲ್ಲಿ ಕೂತು ನಮ್ಮ ಮಾತು ಆಡುತ್ತಿದ್ದರು! ಕಳೆದುಹೋದ ಹತ್ತು ವರ್ಷ ಅವರಿಗೆ ಮರಳಿ ಸಿಗಲಿಲ್ಲ. ಆದರೆ ಇಬ್ಬರಿಗೂ ಗೊತ್ತಿದ್ದ ಊರು, ಇಬ್ಬರಿಗೂ ಗೊತ್ತಿದ್ದ ಮಾತು ಅವರನ್ನು ಹತ್ತಿರ ಇಟ್ಟಿತ್ತು. ಮರೀಯ ಕಾಗದ, ದಿನಚರಿಗಳನ್ನು ಮಗಳು ಅಡೆಲೆ 1934ರಲ್ಲಿ ಪುಸ್ತಕ ಮಾಡಿ ಪ್ರಕಟಿಸಿದಳು.

ನನಗೆ ನಾಚಿಕೆಯಾಯಿತು. ಅವರಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ, ಆದ್ದರಿಂದ ದೂರವಾದರು. ನಮಗೆ ದಾರಿ ಕೈಯಲ್ಲೇ ಇದೆ, ಆದರೂ ನಾವು ಸುದ್ದಿ ಮುಚ್ಚಿಟ್ಟೆವು. ಪ್ರೀತಿಯಿಂದಲೇ ಮುಚ್ಚಿಟ್ಟೆವು, ಆದರೆ ಅವಳ ಪಾಲಿಗೆ ಅದು ಮನೆಯ ಬಾಗಿಲು ಹಾಕಿದಂತೆ.

ಮೂರನೆಯ ಭಾನುವಾರ ನಾನೇ ಫೋನು ಮಾಡಿದೆ. "ತಪ್ಪಾತವ್ವ. ಇನ್ನ ಮುಂದ ಕೆಟ್ಟದ್ದೂ ಹೇಳ್ತೀವಿ, ಸಣ್ಣದ್ದೂ ಹೇಳ್ತೀವಿ" ಎಂದೆ. ಮರೀಯ ಕಥೆಯನ್ನೂ ಹೇಳಿದೆ. ಅವಳು ಸುಮ್ಮನೆ ಕೇಳಿದಳು. ಮುಂದಿನ ರಜೆಯ ದಿನ ಅವಳ ಫೋನು ಬಂತು. ತೆರೆಯ ಮೇಲೆ ಒಂದು ಹಳೆಯ ಕಲ್ಲಿನ ಸೇತುವೆ, ಕೆಳಗೆ ನಾಗೋಲ್ಡ್ ನದಿ, ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ ಹೆಸ್ಸೆಯ ಕಂಚಿನ ಮೂರ್ತಿ. "ಮುತ್ಯಾ, ಕಾಲ್ವಿಗಿ ಬಂದೀನಿ ನೋಡು. ಇಲ್ಲಿ ಕನ್ನಡ ಮಾತಾಡಿ ಭಾಳ ವರ್ಷ ಆಗಿರಬೇಕು, ಆಯಿಗಿ ಕೊಡು." ಸೇತುವೆಯ ಮೇಲೆ ನಿಂತು ಅವರಿಬ್ಬರೂ ಮಾತಾಡಿದ್ದು ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಎಷ್ಟು ಹುರಿಯಬೇಕು ಎಂದು!

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕಲಬುರಗಿಯಲ್ಲಿ ಆರನೆಯ ತರಗತಿ ಓದುವ ಮೊಮ್ಮಗ ಶನಿವಾರ ಬಸ್ಸು ಹತ್ತಿ ಅಪ್ಪನ ಜೊತೆ ಕಮಲಾಪುರಕ್ಕೆ ಬರುತ್ತಾನೆ. ನೋಟುಬುಕ್ಕು ಹಿಡಿದು ಮನೆಯೆಲ್ಲ ಸುತ್ತಿ ವಾರದ ಸುದ್ದಿ ಬರೆಯುತ್ತಾನೆ. ಭಾನುವಾರ ಅಕ್ಕನಿಗೆ ಓದಿ ಹೇಳುತ್ತಾನೆ. ಎಳ್ಳಮವಾಸ್ಯೆಯ ವಾರ ಬರೆದದ್ದು ಹೀಗಿತ್ತು: "ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಭಜ್ಜಿಗೆ ಉಪ್ಪು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ. ಕೆಂಪು ಬಾಳೆಯ ಒಂದು ಗೊನೆ ಗಾಳಿಗೆ ಬಿತ್ತು. ಆಯಿಗೆ ಬಿಪಿ ಸ್ವಲ್ಪ ಹೆಚ್ಚು ಇದೆ, ಗುಳಿಗೆ ಬದಲಿಸಿದ್ದಾರೆ. ಮುತ್ಯಾನ ಕನ್ನಡಕ ಮತ್ತೆ ಕಳೆದಿದೆ."

ನಮ್ಮ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಎಲ್ಲರಿಗೂ ಹೆಮ್ಮೆ. ಆದರೆ ಮೊಮ್ಮಗಳು ಕೇಳಿದ್ದು ಆ ಬಿದ್ದ ಗೊನೆಯ ಬಗ್ಗೆ: "ಬಾವಿ ಕಡೀದಾ, ದಾರಿ ಕಡೀದಾ?" ಎಂದು.

ನಿಮ್ಮ ಮನೆಯಿಂದಲೂ ಯಾರಾದರೂ ದೂರ ಹೋಗಿರಬಹುದು, ಬೆಂಗಳೂರಿಗೋ, ಪುಣೆಗೋ, ಕಡಲಾಚೆಗೋ. ಈ ಭಾನುವಾರ "ಆರಾಮ ಇದ್ದೀವಿ" ಎಂದು ಹೇಳಿ ನಿಲ್ಲಿಸಬೇಡಿ. ಮಕ್ಕಳೇ, ವಾರದ ಐದು ಸುದ್ದಿ ಬರೆದಿಡಿ. ಹಿರಿಯರೇ, ಅದರಲ್ಲಿ ಒಂದಾದರೂ ನೀವು ಮುಚ್ಚಿಡಬೇಕೆಂದಿದ್ದ ಸುದ್ದಿ ಇರಲಿ.

ಹೌದು, ಕನ್ನಡಕ ಸಿಕ್ಕಿತು. ಹುಡುಕಿ ಕೊಟ್ಟವಳು ಮೊಮ್ಮಗಳೇ. "ಮುತ್ಯಾ, ತಲಿ ಮ್ಯಾಲ ನೋಡ್ಕೊ" ಎಂದಳು, ಸ್ಟುಟ್‌ಗಾರ್ಟ್‌ನಿಂದ.