ದೆಹಲಿಯ ಚಳಿಯೂ ನಮ್ಮ ದೊಡ್ಡಪತ್ರೆಯೂ

ಊರಿನಿಂದ ದೆಹಲಿಗೆ ಬರುವ ಕನ್ನಡಿಗರ ಗಂಟಿನಲ್ಲಿ ಉಪ್ಪಿನಕಾಯಿ, ಹಪ್ಪಳಗಳ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದೆರಡು ಗಿಡಗಳೂ ಇರುವುದುಂಟು. ನನ್ನ ತಾಯಿಯವರು ಸಾಗರದ ಕಡೆಯ ಮನೆಗೆ ಬೀಗ ಹಾಕಿ 2021ರ ಶ್ರಾವಣದಲ್ಲಿ ನಮ್ಮಲ್ಲಿಗೆ ಬಂದಾಗ ತಂದದ್ದು ದೊಡ್ಡಪತ್ರೆಯ ಕಡ್ಡಿ, ತುಳಸಿ ಮತ್ತು ಕರಿಬೇವಿನ ಸಸಿ. ನನ್ನಂಥ ಗುಮಾಸ್ತನ ವಸತಿಯಲ್ಲಿ ತೋಟವೆಲ್ಲಿ ಬಂತು? ಬಾಲ್ಕನಿಯ ಕುಂಡಗಳಲ್ಲೇ ಅವು ನಳನಳಿಸಿದವು. ವಾರಕ್ಕೊಮ್ಮೆ ದೊಡ್ಡಪತ್ರೆಯ ತಂಬುಳಿಯೂ ಆಗುತ್ತಿತ್ತು.

ಆ ಡಿಸೆಂಬರಿನ ಒಂದು ಬೆಳಗ್ಗೆ ನೋಡಿದರೆ, ಕಟಾಂಜನದ ಅಂಚಿನಲ್ಲಿದ್ದ ದೊಡ್ಡಪತ್ರೆಯ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು.

“ಈ ಊರು ನಮ್ಮ ಗಿಡಕ್ಕೆ ಆಗುವುದಿಲ್ಲ ಕಣೋ. ನನಗೂ ಆಗುವುದಿಲ್ಲ. ನನ್ನನ್ನು ಊರಿಗೆ ಕಳಿಸಿಬಿಡು” ಎಂದರು ಅಮ್ಮ. ನನಗೆ ಉತ್ತರ ತೋಚಲಿಲ್ಲ.

ಗಿಡದ ತಪ್ಪೇನೂ ಇರಲಿಲ್ಲ. ಜನವರಿಯಲ್ಲಿ ಇಲ್ಲಿ 4-5 ಡಿಗ್ರಿಯ ರಾತ್ರಿಗಳು ಅಪರೂಪವಲ್ಲ. 2006ರ ಜನವರಿ 8ರಂದು ಸಫ್ದರ್‌ಜಂಗ್‌ನಲ್ಲಿ 0.2 ಡಿಗ್ರಿಯವರೆಗೂ ಇಳಿದಿತ್ತು. ತುಳಸಿ, ದೊಡ್ಡಪತ್ರೆಗಳಿಗೆ ಸುಮಾರು 10 ಡಿಗ್ರಿಯ ಕೆಳಗೇ ಸಂಕಟ. ಅದರಲ್ಲೂ ತೆರೆದ ಆಕಾಶದ ಕೆಳಗಿರುವ ಎಲೆ ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಗೋಡೆಗೆ ಒತ್ತಿ, ಸೂರಿನ ಕೆಳಗಿದ್ದ ತುಳಸಿ, ಕರಿಬೇವುಗಳು ಉಳಿದುಕೊಂಡದ್ದು ಇದರಿಂದಲೇ.

ಮರುವರ್ಷ ದೀಪಾವಳಿ ಕಳೆಯುತ್ತಲೇ ಕುಂಡಗಳನ್ನು ಒಳಗೆ ತಂದೆವು. ಬೆಚ್ಚಗಿರಲೆಂದು ರೂಮ್ ಹೀಟರಿನ ಪಕ್ಕದಲ್ಲಿಟ್ಟು, ಊರಿನ ಪದ್ಧತಿಯಂತೆ ದಿನವೂ ನೀರೆರೆದೆವು. ತುಳಸಿ ಎಲೆಯುದುರಿಸಿ, ಬೇರು ಕೊಳೆತು ಸತ್ತಿತು. ಹೊರಗೆ ಚಳಿ ಕೊಂದರೆ ಒಳಗೆ ನಮ್ಮ ಅಕ್ಕರೆಯೇ ಕೊಂದಿತ್ತು!

ಎರಡು ಗಿಡಗಳನ್ನು ಕಳೆದುಕೊಂಡು ಕಲಿತದ್ದನ್ನು ಓದುಗ ಬಂಧುಗಳಿಗೆ ತಿಳಿಸುತ್ತೇನೆ. ಒಳಗೆ ತಂದ ಗಿಡಕ್ಕೆ ಬೇಕಾದದ್ದು ಬೆಳಕು, ಬೇಡವಾದದ್ದು ನೀರು. ಚಳಿಗಾಲದಲ್ಲಿ ಗಿಡ ಹೆಚ್ಚು ಬೆಳೆಯದು, ಹೆಚ್ಚು ಕುಡಿಯದು. ಬೆರಳನ್ನು ಒಂದಂಗುಲ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಬೆಳಗಿನ ಹೊತ್ತು ನೀರು ಕೊಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಗೊಬ್ಬರ ಹೋಳಿಯವರೆಗೆ ಬೇಡ.

ಕುಂಡಕ್ಕೆ ದಕ್ಷಿಣದ ಕಿಟಕಿಯೇ ಸರಿ. ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ಇಲ್ಲಿ 40 ಡಿಗ್ರಿಗಿಂತ ಮೇಲೇರುವುದಿಲ್ಲ. ಬೆಂಗಳೂರಿನಲ್ಲಾದರೆ 53ನ್ನು ದಾಟುತ್ತಾನೆ. ತಗ್ಗಿನ ಬಿಸಿಲು ದಕ್ಷಿಣದ ಕಿಟಕಿಯಿಂದ ಒಳಕ್ಕೆ ಚೆನ್ನಾಗಿ ಬೀಳುತ್ತದೆ. ರಾತ್ರಿ ಮಾತ್ರ ಎಲೆಗಳು ತಣ್ಣನೆಯ ಗಾಜಿಗೆ ತಾಗದಿರಲಿ. ಹೀಟರಿನ ಒಣಗಾಳಿ ದೂರವಿರಲಿ. ಒಳಗೆ ತರುವ ಮುಂಚೆ ಎಲೆಯ ಅಡಿಭಾಗವನ್ನು ನೋಡಿ, ಬಿಳಿ ಹುಳುಗಳಿದ್ದರೆ ತೆಳು ಸಾಬೂನು ನೀರಿನಿಂದ ಒರೆಸಿ.

ಇನ್ನೊಂದು ಉಪಾಯವನ್ನು ಕೆಳಮನೆಯ ಧಾರವಾಡದ ಅಕ್ಕನವರಿಂದ ಕಲಿತೆವು. ಮೊದಲ ವರ್ಷವೇ ಅವರು ನಮ್ಮ ದೊಡ್ಡಪತ್ರೆಯಿಂದ ಒಂದು ಕಡ್ಡಿ ಮುರಿದೊಯ್ದು ಅಡಿಗೆಮನೆಯ ಕಿಟಕಿಯಲ್ಲಿ ನೆಟ್ಟಿದ್ದರು. ಸತ್ತೇಹೋಯಿತೆಂದುಕೊಂಡ ನಮ್ಮ ಗಿಡ ಅವರ ಮನೆಯಿಂದ ಮರಳಿ ಬಂತು! ಅಕ್ಟೋಬರಿನಲ್ಲೇ ಕಡ್ಡಿ ನೆಟ್ಟು ನೆರೆಯವರಿಗೂ ಒಂದು ಕೊಟ್ಟಿರುವುದು ಜಾಣತನ.

ಮೂರನೆಯ ಚಳಿಗಾಲದಲ್ಲಿ, ಅಂದರೆ 2024ರ ಜನವರಿಯಲ್ಲಿ, ಕಿಟಕಿಯಲ್ಲಿದ್ದ ಕರಿಬೇವು ಎಲೆಯೆಲ್ಲ ಉದುರಿಸಿ ಬರೀ ಕಡ್ಡಿಯಾಯಿತು. ನಾನು ಕುಂಡ ಬರಿದುಮಾಡಹೊರಟೆ. ಅಮ್ಮ ತಡೆದು, ಉಗುರಿನಿಂದ ತೊಗಟೆಯನ್ನು ಕೆರೆದು ತೋರಿಸಿದರು: ಒಳಗೆ ಹಸಿರು!

“ಜೀವ ಇದೆ ಮಾರಾಯ. ಶಿವರಾತ್ರಿಯವರೆಗೆ ಕಾಯೋಣ.”

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆಂಬ ಮಾತು ದೆಹಲಿಗೂ ಸಲ್ಲುತ್ತದೆ. ಮಾರ್ಚಿನಲ್ಲಿ ಆ ಕಡ್ಡಿಯ ತುಂಬ ಚಿಗುರು. ಒಮ್ಮೆಗೇ ಬಿಸಿಲಿಗಿಟ್ಟರೆ ಎಳೆಯ ಎಲೆ ಸುಡುವುದೆಂದು, ದಿನಕ್ಕೊಂದು ಗಂಟೆಯಿಂದ ಆರಂಭಿಸಿ ಎರಡು ವಾರಗಳಲ್ಲಿ ಅದನ್ನು ಹೊರಗಿನ ಹವೆಗೆ ಒಗ್ಗಿಸಿದೆವು.

ಅಮ್ಮ ಊರಿಗೆ ಹೋಗುವ ಮಾತನ್ನು ಬಿಟ್ಟಿಲ್ಲ. ಆದರೆ ಈಗ ಕೇಳುವುದು ಬೇಸಿಗೆಗೆ ಟಿಕೆಟ್ಟು, ಅದೂ ಹೋಗಿ ಬರುವುದಕ್ಕೆ: “ದೀಪಾವಳಿಗೆ ಕುಂಡ ಒಳಗಿಡಲು ನಾನು ಇಲ್ಲಿರಬೇಕಲ್ಲ, ನಿನ್ನನ್ನು ನಂಬಿದರೆ ದಿನಾ ನೀರೆರೆದುಬಿಡುತ್ತೀಯ!”