ವಾಕಿಟಾಕಿ ಕೊಳ್ಳುವ ಮುನ್ನ: ಲೈಸೆನ್ಸ್ ಯಾವುದಕ್ಕೆ ಬೇಕು, ನಿಜಕ್ಕೂ ಎಷ್ಟು ದೂರ ಕೇಳಿಸುತ್ತದೆ?

ಚೆನ್ನೈ: 2024ರ ಅಕ್ಟೋಬರ್ 6ರಂದು ವಾಯುಪಡೆಯ ವೈಮಾನಿಕ ಪ್ರದರ್ಶನ ನೋಡಲು ಮರೀನಾ ಕಡಲತೀರದಲ್ಲಿ ಲಕ್ಷಾಂತರ ಜನ ಸೇರಿದ್ದರು. ಸುಡುಬಿಸಿಲಿನ ಆ ದಿನ ಐವರು ಮೃತಪಟ್ಟರು. ತೀರಕ್ಕೆ ಅಂಟಿಕೊಂಡಿರುವ ತ್ರಿಪ್ಲಿಕೇನ್‌ಗೆ ಜನಸಂದಣಿ ಹೊಸದಲ್ಲ. ಪ್ರತಿ ಜನವರಿಯ ಕಾಣುಂ ಪೊಂಗಲ್ ದಿನವೂ ಇಲ್ಲಿನ ರಸ್ತೆಗಳು ತುಂಬಿ ಹರಿಯುತ್ತವೆ. ಒಂದೇ ಕಡೆ ಅಷ್ಟು ಮಂದಿ ಸೇರಿದಾಗ ಮೊಬೈಲ್ ಕರೆ ಸಿಗುವುದೇ ಕಷ್ಟ. ಮಕ್ಕಳೋ ವಯಸ್ಸಾದವರೋ ಗುಂಪಿನಲ್ಲಿ ತಪ್ಪಿಸಿಕೊಂಡರೆ ಗತಿಯೇನು? ಒಂದು ಜೊತೆ ವಾಕಿಟಾಕಿ ಇದ್ದರೆ ಒಳ್ಳೆಯದಲ್ಲವೇ ಎಂದು ಅನೇಕರಿಗೆ ಅನ್ನಿಸುವುದು ಸಹಜ.

ಆನ್‌ಲೈನ್‌ನಲ್ಲಿ ಹುಡುಕಿದರೆ ನೂರಾರು ಮಾದರಿಗಳು ಸಿಗುತ್ತವೆ. ಕೆಲವಕ್ಕೆ '5 ಕಿ.ಮೀ.' ಎಂದಿದ್ದರೆ, ಕೆಲವಕ್ಕೆ '10 ಕಿ.ಮೀ.' ಎಂದು ದೊಡ್ಡದಾಗಿ ಬರೆದಿರುತ್ತದೆ. ಹೆಚ್ಚು ದೂರ ಎಂದರೆ ಹೆಚ್ಚು ಒಳ್ಳೆಯದು ಎಂದುಕೊಂಡು ಆರ್ಡರ್ ಮಾಡುವ ಮುನ್ನ ಎರಡು ವಿಷಯ ತಿಳಿದಿರಲಿ. ಒಂದು ಕಾನೂನು, ಇನ್ನೊಂದು ವಿಜ್ಞಾನ.

ಯಾವುದಕ್ಕೆ ಲೈಸೆನ್ಸ್ ಬೇಡ?

ಭಾರತದಲ್ಲಿ ವೈರ್‌ಲೆಸ್ ಉಪಕರಣವನ್ನು ಬಳಸುವುದಕ್ಕೆ ಮಾತ್ರವಲ್ಲ, ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಹಾಕಿದ ಈ ನಿಯಮವನ್ನು 2023ರ ದೂರಸಂಪರ್ಕ ಕಾಯ್ದೆಯೂ ಉಳಿಸಿಕೊಂಡಿದೆ. ಕಡಿಮೆ ಶಕ್ತಿಯ ಕೆಲವು ಸಾಧನಗಳಿಗೆ ಮಾತ್ರ ಸರ್ಕಾರ ವಿನಾಯಿತಿ ಕೊಟ್ಟಿದೆ.

ಸಾಮಾನ್ಯ ಜನರಿಗೆ ಉಪಯೋಗಕ್ಕೆ ಬರುವ ವಿನಾಯಿತಿ 2018ರ ನಿಯಮಗಳಲ್ಲಿದೆ. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ, ಅರ್ಧ ವ್ಯಾಟ್ ಶಕ್ತಿಯ ಚಿಕ್ಕ ವಾಕಿಟಾಕಿಗಳನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಆದರೆ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಪ್ರಮಾಣಪತ್ರ ಇರಲೇಬೇಕು.

ಅಮೆರಿಕದಲ್ಲಿರುವ ಸಂಬಂಧಿಕರು ತಂದುಕೊಡುವ ಸೆಟ್‌ಗಳ ಬಗ್ಗೆಯೂ ಎಚ್ಚರ ಬೇಕು. ಅಲ್ಲಿ ಮನೆಬಳಕೆಯ ರೇಡಿಯೊಗಳು 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಅವು ಕಾನೂನುಬದ್ಧ, ಇಲ್ಲಿ ಈ ವಿನಾಯಿತಿಯೊಳಗೆ ಬರುವುದಿಲ್ಲ.

5 ವ್ಯಾಟ್ ಸೆಟ್‌ನ ತೊಂದರೆ ಏನು?

ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ 5 ವ್ಯಾಟ್ ಸೆಟ್‌ಗಳಲ್ಲಿ ಹಲವು 136–174 ಮತ್ತು 400–480 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಟ್ಯೂನ್ ಆಗುತ್ತವೆ. ಪೊಲೀಸ್ ಮತ್ತು ತುರ್ತು ಸೇವೆಗಳ ವೈರ್‌ಲೆಸ್ ಜಾಲಗಳೂ ಇರುವುದು ಇದೇ ವ್ಯಾಪ್ತಿಯಲ್ಲಿ. ಹಡಗು, ದೋಣಿಗಳು ಅಪಾಯದಲ್ಲಿ ಸಿಲುಕಿದಾಗ ಕೂಗಿಕೊಳ್ಳುವ ಅಂತರರಾಷ್ಟ್ರೀಯ ಚಾನೆಲ್ 16 ಕೂಡ ಇದರೊಳಗೇ, 156.8 ಮೆಗಾಹರ್ಟ್ಸ್‌ನಲ್ಲಿದೆ. ಮರೀನಾದ ಮರಳಿನ ಮೇಲೆ ಮಗುವೊಂದು ಆಟಕ್ಕೆ ಬಟನ್ ಒತ್ತಿ ಹಿಡಿದರೆ ಸಮುದ್ರದಲ್ಲಿರುವವರ ಕರೆ ಯಾರಿಗೂ ಕೇಳಿಸದೆ ಹೋಗಬಹುದು.

ಈ ಕಾರಣಕ್ಕೇ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಇ-ಕಾಮರ್ಸ್ ವೇದಿಕೆಗಳಿಗೆ ನೋಟಿಸ್ ನೀಡಿತು. ವಾಕಿಟಾಕಿಯ ತರಂಗಾಂತರ ಯಾವುದು, ಲೈಸೆನ್ಸ್ ಬೇಕೇ ಎಂಬುದನ್ನು ಮಾರಾಟದ ಪುಟದಲ್ಲೇ ಸ್ಪಷ್ಟಪಡಿಸಬೇಕು ಎಂಬ ಮಾರ್ಗಸೂಚಿಯೂ ಅದೇ ತಿಂಗಳು ಹೊರಬಂತು.

ಬಾಕ್ಸ್ ಮೇಲಿನ 10 ಕಿ.ಮೀ. ಎಲ್ಲಿಂದ ಬಂತು?

ಈ ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ. ಭೂಮಿ ಗುಂಡಗಿರುವುದರಿಂದ ಸ್ವಲ್ಪ ದೂರದ ಬಳಿಕ ನೆಲವೇ ಅಡ್ಡ ಬರುತ್ತದೆ. ಇಬ್ಬರು ಸೆಟ್ಟನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದರೆ ಲೆಕ್ಕದ ಪ್ರಕಾರ ಈ ಮಿತಿ ಸುಮಾರು 10 ಕಿ.ಮೀ. ಮನೆ, ಮರ, ಮನುಷ್ಯರು ಯಾವುದೂ ಇಲ್ಲದ ಬಟ್ಟ ಬಯಲಿನ ಲೆಕ್ಕ ಇದು. ಅಂಥ ಬಯಲಲ್ಲೂ ನೆಲದ ಸಮೀಪ ಸಾಗುವ ಅಲೆ ಬೇಗ ದುರ್ಬಲವಾಗುವುದರಿಂದ ಅರ್ಧ ವ್ಯಾಟ್ ಸೆಟ್ ಅಷ್ಟು ದೂರ ಮುಟ್ಟುವುದಿಲ್ಲ.

ತ್ರಿಪ್ಲಿಕೇನ್‌ನ ಮಾತೇ ಬೇರೆ. ಪಾರ್ಥಸಾರಥಿ ದೇವಸ್ಥಾನದಿಂದ ಕಡಲ ಅಂಚಿಗೆ ಸುಮಾರು ಒಂದು ಕಿ.ಮೀ. ಅಷ್ಟರಲ್ಲಿ ಒತ್ತೊತ್ತಾಗಿ ನಿಂತ ಕಾಂಕ್ರೀಟ್ ಮನೆಗಳು, ಮ್ಯಾನ್ಷನ್‌ಗಳು, ಇಕ್ಕಟ್ಟಾದ ಓಣಿಗಳು. ಇಂಥ ಕಡೆ ಅರ್ಧ ವ್ಯಾಟ್ ಸೆಟ್ ಕೆಲವು ನೂರು ಮೀಟರ್ ಕೇಳಿಸಿದರೆ ಸಮಾಧಾನಪಡಬೇಕು. ತೆರೆದ ಮರಳ ದಂಡೆಗೆ ಬಂದರೆ ಅದೇ ಸೆಟ್ ಒಂದೆರಡು ಕಿ.ಮೀ. ತಲುಪಬಹುದು. ಜನ ಕಿಕ್ಕಿರಿದಿದ್ದರೆ ಅದೂ ಕುಗ್ಗುತ್ತದೆ, ಏಕೆಂದರೆ ಮನುಷ್ಯನ ದೇಹವೂ ಈ ಅಲೆಗಳನ್ನು ಹೀರಿಕೊಳ್ಳುತ್ತದೆ.

ಶಕ್ತಿಗಿಂತ ಎತ್ತರ ಮೇಲು

ಹಾಗಾದರೆ 5 ವ್ಯಾಟ್ ಸೆಟ್ಟೇ ವಾಸಿಯಲ್ಲವೇ ಎಂದು ಕೇಳಬಹುದು. ಶಕ್ತಿ ಹತ್ತು ಪಟ್ಟಾದರೂ ಕಟ್ಟಡಗಳ ನಡುವೆ ದೂರ ಎರಡು ಪಟ್ಟೂ ಆಗುವುದಿಲ್ಲ. ನಗರದಲ್ಲಿ ದೂರ ಹೆಚ್ಚಿದಂತೆ ಸಿಗ್ನಲ್ ಅಷ್ಟು ಬೇಗ ಕುಸಿಯುತ್ತದೆ. ಅದರ ಬದಲು ಒಬ್ಬರು 15 ಮೀಟರ್ ಎತ್ತರದ ತಾರಸಿ ಏರಿದರೆ ಸಾಕು, ಆ 10 ಕಿ.ಮೀ. ಮಿತಿ ಸುಮಾರು 21 ಕಿ.ಮೀ.ಗೆ ಏರುತ್ತದೆ. ನಡುವಿನ ಗೋಡೆಗಳಲ್ಲಿ ಎಷ್ಟೋ ಅಡ್ಡಿಯಿಂದ ತಪ್ಪುತ್ತವೆ. ಅಂದರೆ ಕಾನೂನು ಮೀರಿ ಪಡೆಯುವ ಶಕ್ತಿಗಿಂತ ಮೆಟ್ಟಿಲು ಹತ್ತಿ ಪಡೆಯುವ ಎತ್ತರವೇ ಹೆಚ್ಚು ಲಾಭ. ಮೆಟ್ಟಿಲು ಹತ್ತಲು ಯಾವ ಲೈಸೆನ್ಸೂ ಬೇಡ!

ಹೆಚ್ಚು ಶಕ್ತಿ ಬೇಕೇ ಬೇಕು ಎನ್ನುವವರಿಗೆ

ಅಂಥವರಿಗೆ ನೇರ ದಾರಿ ಹ್ಯಾಮ್ ರೇಡಿಯೊ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆದು ಲೈಸೆನ್ಸ್ ಮತ್ತು ತಮ್ಮದೇ ಕರೆಸಂಕೇತ ಪಡೆಯಬಹುದು. ಆದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಲೈಸೆನ್ಸ್ ಇಲ್ಲದ ಮನೆಯವರ ಕೈಗೆ ಇನ್ನೊಂದು ಸೆಟ್ ಕೊಟ್ಟು ಮಾತಾಡುವಂತೆಯೂ ಇಲ್ಲ. 2004ರ ಡಿಸೆಂಬರ್ 26ರ ಸುನಾಮಿ ಅಪ್ಪಳಿಸಿದಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಅವರ ಹ್ಯಾಮ್ ತಂಡ ಅಂಡಮಾನ್‌ನಿಂದ ಹೊರಜಗತ್ತಿಗೆ ಸಂದೇಶ ಮುಟ್ಟಿಸಿತ್ತು. ಶಿಸ್ತಿನಿಂದ ಕಲಿತವರ ಕೈಯಲ್ಲಿ ಈ ಉಪಕರಣ ಏನು ಮಾಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಕೊಳ್ಳುವಾಗ ಇಷ್ಟು ನೋಡಿ

* ತರಂಗಾಂತರ 446.0–446.2 ಮೆಗಾಹರ್ಟ್ಸ್ ಎಂದು ನಮೂದಾಗಿದೆಯೇ?
* ಇಟಿಎ ಪ್ರಮಾಣಪತ್ರದ ವಿವರ ಇದೆಯೇ? ರಿಚಿ ಸ್ಟ್ರೀಟ್‌ನಂಥ ಅಂಗಡಿ ಬೀದಿಯಲ್ಲಿ ಕೊಳ್ಳುವುದಾದರೂ ಕೇಳಿ, ಬಿಲ್ ಪಡೆಯಿರಿ.
* '136–174' ಅಥವಾ '5 ವ್ಯಾಟ್' ಎಂದು ಕಂಡರೆ ಅದು ಲೈಸೆನ್ಸ್ ಬೇಡದ ಮನೆಬಳಕೆಯ ಸೆಟ್ ಅಲ್ಲ ಎಂದು ತಿಳಿಯಿರಿ.
* ಕಿ.ಮೀ. ಲೆಕ್ಕ ನಂಬಬೇಡಿ. ನೀವು ಬಳಸುವ ಬೀದಿಯಲ್ಲೇ ಒಮ್ಮೆ ನಡೆದು ಪರೀಕ್ಷಿಸಿ.
* ಮಕ್ಕಳ ಜೊತೆ ಜಾತ್ರೆ, ಬೀಚ್‌ಗೆ ಹೋಗುವಾಗ ಕೇಳಿಸದಿದ್ದರೆ ಎಲ್ಲಿ ಸೇರಬೇಕು ಎಂಬುದನ್ನು ಮೊದಲೇ ಹೇಳಿರಿ. ಬ್ಯಾಟರಿ ಮುಗಿದ ಮೇಲೂ ನೆರವಿಗೆ ಬರುವುದು ಅದೊಂದೇ.