ಸಂಕಟದಲ್ಲಿ ಪ್ರಸನ್ನತೆ

ಕಷ್ಟಕಾಲದಲ್ಲಿ ಸಂತೋಷಪಡುವುದು ಸಾಧ್ಯವೆ, ಸಾಧ್ಯವಾದರೂ ಅದು ಉಚಿತವೆ ಎಂಬ ಪ್ರಶ್ನೆಯನ್ನು ವಚನಾಭ್ಯಾಸದ ಗೋಷ್ಠಿಗಳಲ್ಲಿ ಜಿಜ್ಞಾಸುಗಳು ಎತ್ತುವುದುಂಟು. ದುಃಖದಲ್ಲಿರುವವನಿಗೆ ನಗೆಂದು ಉಪದೇಶಿಸುವುದು ಕ್ರೌರ್ಯವಲ್ಲವೆ ಎಂಬುದು ಅವರ ಆಕ್ಷೇಪ. ಆಕ್ಷೇಪವು ನ್ಯಾಯವಾದುದೇ. ಆದುದರಿಂದ ಶರಣರು ಬಯಸಿದ ಆನಂದವು ಯಾವ ಬಗೆಯದು, ಅದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪದರಲ್ಲಿ ವಿಚಾರಿಸೋಣ.

ಅಷ್ಟಾವರಣಗಳಲ್ಲಿ ‘ಪ್ರಸಾದ’ವೂ ಒಂದು. ಲೋಕರೂಢಿಯಲ್ಲಿ ಅದು ಅರ್ಪಿಸಿ ಸ್ವೀಕರಿಸಿದ ಪದಾರ್ಥ. ಆದರೆ ಆ ಶಬ್ದಕ್ಕೆ ತಿಳಿಯಾಗುವಿಕೆ, ನಿರ್ಮಲತೆ ಎಂಬ ಅರ್ಥವೂ ಇದೆ. ‘ಪ್ರಸನ್ನ’ ಎಂಬುದು ಅದೇ ಧಾತುವಿನಿಂದ ಬಂದ ಶಬ್ದ. ಕೆರೆಯಿಂದ ತಂದ ಕದಡಿದ ನೀರನ್ನು ಕೊಡದಲ್ಲಿಟ್ಟು ಸುಮ್ಮನೆ ಬಿಟ್ಟರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಕೆಸರು ಎಲ್ಲಿಯೂ ಹೋಗಿರುವುದಿಲ್ಲ, ಕೊಡದಲ್ಲಿಯೇ ಇರುತ್ತದೆ. ಆದರೂ ನೀರು ಕುಡಿಯಲು ಬರುತ್ತದೆ. ಪ್ರಸನ್ನತೆಯೆಂದರೆ ದುಃಖದ ಅಭಾವವಲ್ಲ, ದುಃಖವು ತಳದಲ್ಲಿದ್ದಾಗಲೂ ಮನಸ್ಸು ಉಪಯೋಗಕ್ಕೆ ಬರುವ ಸ್ಥಿತಿ ಎಂದು ಇದರಿಂದ ತಿಳಿಯಬಹುದು.

ಷಟ್‌ಸ್ಥಲದ ಕ್ರಮವೂ ಇದನ್ನೇ ಸೂಚಿಸುತ್ತದೆ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ ಎಂದು ಭಕ್ತಿಯ ಆರು ಬಗೆಗಳನ್ನು ಹೇಳಲಾಗಿದೆ. ಆನಂದವು ಇಲ್ಲಿ ಐದನೆಯದು; ಅದಕ್ಕೆ ಮೊದಲು ನಾಲ್ಕು ಮೆಟ್ಟಿಲುಗಳಿವೆ. ಆದಕಾರಣ ಬಳಲಿದವನಿಂದ ಆನಂದವನ್ನು ಮೊದಲೇ ಬೇಡುವುದು ಶಾಸ್ತ್ರಕ್ಕೂ ಒಪ್ಪುವುದಿಲ್ಲ. ಅವನಿಂದ ಕೇಳಬಹುದಾದುದು ಅವಧಾನ ಮಾತ್ರ: ಕೈಯಲ್ಲಿರುವ ಕೆಲಸವನ್ನೂ ಎದುರಿಗಿರುವ ಜೀವವನ್ನೂ ಎಚ್ಚರದಿಂದ ಕಾಣುವುದು.

ಆಯ್ದಕ್ಕಿ ಲಕ್ಕಮ್ಮ ಮಾರಯ್ಯ ದಂಪತಿಗಳ ವೃತ್ತಾಂತವು ಇದಕ್ಕೆ ನಿದರ್ಶನ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಅವರಷ್ಟು ಬಡವರು ಯಾರಿದ್ದಾರು? ಆದರೂ ಪತಿಯು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಚೆಲ್ಲಿ ಬರುವಂತೆ ಲಕ್ಕಮ್ಮ ಹೇಳಿದಳೆಂದು ಪರಂಪರೆಯು ಸಾರುತ್ತದೆ. ಇಲ್ಲದುದರ ಕೊರಗು ಅವಳನ್ನು ಆಳಲಿಲ್ಲ. ಇದ್ದುದನ್ನು ಹಂಚುವ ಸಂತೋಷವೇ ಅವಳಿಗೆ ಧೈರ್ಯವನ್ನಿತ್ತಿತು.

ಸಮೀಪದ ಕಾಲಕ್ಕೆ ಬಂದರೆ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರು ನೆನಪಾಗುತ್ತಾರೆ. ವಕೀಲಿ ವೃತ್ತಿಯಿಂದ ಸುಖವಾಗಿ ಇರಬಹುದಾಗಿದ್ದ ಅವರು ಓಲೆಗರಿಗಳ ಬೆನ್ನು ಹತ್ತಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನು ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ ದಶಕಗಳ ಕಾಲ ನಡೆಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೆ ಬಡತನವು ಅವರನ್ನು ಬಿಡಲಿಲ್ಲ, ಅವರು ವಚನಗಳನ್ನು ಬಿಡಲಿಲ್ಲ. ಅಷ್ಟು ದೀರ್ಘವಾದ ದುಡಿಮೆಯನ್ನು ಕೇವಲ ಕರ್ತವ್ಯಬುದ್ಧಿಯೊಂದೇ ನಡೆಸಲಾರದು.

ಪ್ರಸನ್ನತೆಯೆಂದರೆ ಅನ್ಯಾಯವನ್ನು ನಗುತ್ತ ಸಹಿಸುವುದೆಂದು ಮಾತ್ರ ಯಾರೂ ಭಾವಿಸಬಾರದು. ಕುಲಭೇದವನ್ನು ಎದುರಿಸಿ ಶರಣರು ತೆತ್ತ ಬೆಲೆಯನ್ನು ಹನ್ನೆರಡನೆಯ ಶತಮಾನದ ಇತಿಹಾಸ ಬಲ್ಲದು. ತಿಳಿಯಾದ ಮನಸ್ಸೇ ಎದುರಿಸಿ ನಿಲ್ಲಬಲ್ಲದು.

ಕೊನೆಯಲ್ಲಿ ಸ್ವಂತದ ಒಂದು ಮಾತು, ವಾಚಕರು ಮನ್ನಿಸಬೇಕು. 1972ರ ಬರಗಾಲದಲ್ಲಿ ನಾನು ಹನ್ನೆರಡು ವರುಷದ ಬಾಲಕ. ನಮ್ಮ ವಿಜಾಪುರದ ಸೀಮೆಯಲ್ಲಿ ಅವ್ವ ಹಗಲೆಲ್ಲ ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆದು, ಸಂಜೆ ಓಣಿಯ ಹೆಂಗಸರೊಡನೆ ಕಟ್ಟೆಯ ಮೇಲೆ ಕುಳಿತು ಒಗಟು ಹಾಕಿ ನಗುತ್ತಿದ್ದಳು. ಮನೆಯಲ್ಲಿ ಹಿಟ್ಟಿಲ್ಲದಾಗ ಇದೆಂಥ ನಗೆಯೆಂದು ನಾನು ಸಿಟ್ಟಾದೆ. ಅವಳೆಂದಳು: “ನಗಲಿಲ್ಲಂದ್ರ ನಾಳೆ ಬುಟ್ಟಿ ಎತ್ತಾಕ ಕೈ ಏಳಂಗಿಲ್ಲೋ ತಮ್ಮಾ.”

ನಾಲ್ಕು ದಶಕಗಳ ಅಧ್ಯಾಪನದಲ್ಲಿ ಎಷ್ಟೋ ಸಲ ಪ್ರಸಾದಿಸ್ಥಲವನ್ನು ವಿವರಿಸಿದ್ದರೂ ಆ ಮಾತಿನ ಅರ್ಥ ನನಗೆ ತಿಳಿದದ್ದು ಪತ್ನಿಯ ವಿಯೋಗದ ಬಳಿಕ. ತಿಂಗಳುಗಟ್ಟಲೆ ಪುಸ್ತಕ ಮುಟ್ಟಿರಲಿಲ್ಲ. ನೆರೆಮನೆಯ ಮಕ್ಕಳು ಒಂದು ಸಂಜೆ ವಚನ ಹೇಳಿಕೊಡೆಂದು ತಾವಾಗಿಯೇ ಬಂದರು. ಒಬ್ಬ ಬಾಲಕಿಯು ‘ಜಂಗಮ’ವನ್ನು ‘ಸಂಗಮ’ವೆಂದು ಓದಿದಾಗ ಉಳಿದವರು ನಕ್ಕರು; ನನಗೂ ನಗೆ ಬಂತು. ಅಂದು ದುಃಖವೇನೂ ತೀರಲಿಲ್ಲ. ಆದರೆ ಮರುದಿನ ಅವರು ಬರುವ ಹೊತ್ತಿಗೆ ಪಡಸಾಲೆಯನ್ನು ಗುಡಿಸಿ, ಚಾಪೆ ಹಾಸಿಟ್ಟಿದ್ದೆ.